ಹೊಲದ ಹಗೆಗೆ ಊರೇ ಕಾವಲು

ವಕೀಲಿ ವೃತ್ತಿಯವನಾದ ನನ್ನ ಬಳಿಗೆ ಹಳ್ಳಿಗಳಿಂದ ಬರುವ ವ್ಯಾಜ್ಯಗಳಲ್ಲಿ ಬದುವಿನ ವ್ಯಾಜ್ಯಗಳೇ ಹೆಚ್ಚು. ಗೇಣಗಲದ ಬದುವಿಗಾಗಿ ಒಡಹುಟ್ಟಿದವರು ಮಾತು ಬಿಡುವರು, ಮೋಜಣಿಯವರನ್ನು ಕರೆಯಿಸಿ ಅಳೆಯಿಸುವರು, ಕಲ್ಲು ನೆಡಿಸುವರು, ಆ ಕಲ್ಲು ರಾತ್ರಿಯೊಳಗೆ ಕಿತ್ತುಹೋಯಿತೆಂದು ಮತ್ತೆ ನ್ಯಾಯಾಲಯದ ಮೆಟ್ಟಲು ಹತ್ತುವರು. ಕೆಲವು ವರ್ಷಗಳ ಕೆಳಗೆ ಹರಪನಹಳ್ಳಿ ಸೀಮೆಯ ಇಂತಹ ಒಂದು ವ್ಯಾಜ್ಯದ ಸ್ಥಳವನ್ನು ನೋಡಲು ನಾನೇ ಹೋಗಿದ್ದೆನು. ಬದುವಿನ ಎರಡೂ ಕಡೆಗೆ ಮೊಣಕಾಲೆತ್ತರದ ಮೆಕ್ಕೆಜೋಳವಿದ್ದಿತು. ನನ್ನ ಕಕ್ಷಿಗಾರನು ಮೂರು ಸಲ ಎಣ್ಣೆ ಹೊಡೆದಿದ್ದನು. ಅವನ ದಾಯಾದಿಯು ಹಟದಿಂದಲೋ ಕೈಯಲ್ಲಿ ಹಣವಿಲ್ಲದೆಯೋ ಒಂದು ಸಲವೂ ಹೊಡೆದಿರಲಿಲ್ಲ. ಆದರೆ ಎರಡೂ ಹೊಲಗಳ ಸುಳಿಗಳು ಕಟ್ಟಿಗೆ ಕೊಯ್ದ ಪುಡಿಯಂತಹ ಹಿಕ್ಕೆಯಿಂದ ಒಂದೇ ತೆರನಾಗಿ ತುಂಬಿದ್ದವು. ಎರಡೂ ಹೊಲಗಳ ಎಲೆಗಳು ಒಂದೇ ತೆರನಾಗಿ ಚಿಂದಿಯಾಗಿದ್ದವು. ಇಬ್ಬರು ಮನುಷ್ಯರು ವರ್ಷಗಟ್ಟಲೆ ಕಾದಾಡಿದ ಆ ಬದುವನ್ನು ಹುಳುವು ಯಾರ ಅಪ್ಪಣೆಯನ್ನೂ ಕೇಳದೆ ದಾಟಿದ್ದಿತು. ಆ ದಿನ ನನ್ನ ಮನಸ್ಸಿಗೆ ನಾಟಿದ ಮಾತನ್ನೇ ಈಗ ವಾಚಕರ ಮುಂದೆ ಇಡುತ್ತೇನೆ. ಬದುವು ಮನುಷ್ಯನಿಗೆ ಉಂಟು, ಹುಳುವಿಗಿಲ್ಲ. ಆದ್ದರಿಂದ ಬೆಳೆಯ ಹಗೆಯನ್ನು ಒಬ್ಬೊಬ್ಬನೇ ಗೆಲ್ಲುವೆನೆಂಬದು ಬರಿಯ ಭ್ರಮೆ.

ಮೆಕ್ಕೆಜೋಳದ ಈ ಸೈನಿಕ ಹುಳುವು ನಮ್ಮ ದೇಶದ್ದಲ್ಲ. ಅಮೇರಿಕಾ ಖಂಡದ ಉಷ್ಣಪ್ರದೇಶಗಳಲ್ಲಿ ಮೊದಲಿಂದ ಇದ್ದ ಇದು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗೆಯ ಕೃಷಿ ಮಹಾವಿದ್ಯಾಲಯದ ಪಂಡಿತರು ಇದನ್ನು ಗುರುತಿಸಿದರು. ಭಾರತದಲ್ಲಿ ಇದು ಮೊಟ್ಟಮೊದಲು ಪತ್ತೆಯಾದದ್ದು ಅಲ್ಲಿಯೇ. ಮುಂದೆ ಒಂದು ವರ್ಷ ಕಳೆಯುವದರೊಳಗೆ ದೇಶದ ಬಹುತೇಕ ಮೆಕ್ಕೆಜೋಳದ ಸೀಮೆಗಳಿಗೆ ಅದು ಹಬ್ಬಿತು. ಇಲ್ಲಿ ಒಂದು ವಿನೋದವನ್ನು ಹೇಳದೆ ಇರಲಾರೆನು. ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಡನೆ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಇಷ್ಟು ಸಲ ಕಾಗದಪತ್ರಗಳು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಓಡಾಡಿದರೂ ಹೊಲವು ಇದ್ದಲ್ಲಿಯೇ ಇದ್ದಿತು, ಹುಳುವು ಬರುವ ದಾರಿಯೂ ಇದ್ದಲ್ಲಿಯೇ ಇದ್ದಿತು. ಜಿಲ್ಲೆಯ ಗೆರೆಗಳು ಮನುಷ್ಯರ ಅನುಕೂಲಕ್ಕಾಗಿ ಎಳೆದವು. ಪತಂಗವು ಅವುಗಳನ್ನು ಓದಲಾರದು.

ಹಗೆಯ ಸ್ವಭಾವವನ್ನು ಅರಿಯದೆ ಅವನೊಡನೆ ಯುದ್ಧಕ್ಕೆ ಹೋಗಬಾರದೆಂಬದು ರಾಜನೀತಿ. ಈ ಹುಳುವಿನ ತಾಯಿಪತಂಗವು ರಾತ್ರಿಯ ಹೊತ್ತು ಹಾರುವದು. ಗಾಳಿಯು ಅನುಕೂಲವಿದ್ದರೆ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನವರೆಗೂ ಹೋಗಬಲ್ಲದು. ಅದು ಎಲೆಯ ಮೇಲೆ ನೂರು-ಇನ್ನೂರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು, ತನ್ನ ಮೈಯ ರೋಮದಿಂದಲೇ ಅವನ್ನು ಮುಚ್ಚುವದು. ತನ್ನ ಆಯುಷ್ಯದಲ್ಲಿ ಸಾವಿರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡುವದು. ಎರಡು-ಮೂರು ದಿನಗಳಲ್ಲಿ ಮರಿಗಳು ಹೊರಟು ಎಲೆಯ ಹಸುರನ್ನು ಕೆರೆದು ತಿನ್ನುವವು. ಆಗ ಎಲೆಯ ಮೇಲೆ ತೆಳುವಾದ ಬಿಳಿಯ ಕಿಟಕಿಗಳಂತಹ ಕಲೆಗಳು ಕಾಣುವವು. ತುಸು ಬೆಳೆದೊಡನೆ ಹುಳುವು ಸುಳಿಯೊಳಗೆ ಇಳಿದು ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುವದು. ಆಗ ಮೇಲಿನಿಂದ ಎಷ್ಟು ಎಣ್ಣೆ ಹೊಡೆದರೂ ಅದರ ಮೈಗೆ ತಾಕುವದು ದುರ್ಲಭ. ಬಲಿತ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಕವೆಗೋಲಿನಂತಹ ಬಿಳಿಯ ಗುರುತೂ, ಬಾಲದ ಸಮೀಪದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆಗಳೂ ಇರುವವು. ಕೊನೆಗೆ ಅದು ಮಣ್ಣಿನಲ್ಲಿ ಇಳಿದು ಕೋಶವಾಗುವದು. ಸುಮಾರು ಒಂದು ತಿಂಗಳಿನಲ್ಲಿ ಈ ಚಕ್ರವು ಮುಗಿದು ಹೊಸ ಪತಂಗವು ಹೊರಬೀಳುವದು.

ಈಗ ವಾಚಕರೇ ಲೆಕ್ಕ ಹಾಕಿ ನೋಡಲಿ. ಒಂದೇ ಊರಿನಲ್ಲಿ ಒಬ್ಬನು ಜೂನ್ ಮೊದಲಿಗೆ ಬಿತ್ತುವನು, ಇನ್ನೊಬ್ಬನು ಜೂನ್ ಕೊನೆಗೆ, ಮತ್ತೊಬ್ಬನು ಜುಲೈ ನಡುವಿನಲ್ಲಿ ಬಿತ್ತುವನು. ಮೊದಲನೆಯವನ ಹೊಲದಲ್ಲಿ ಹುಟ್ಟಿದ ಪತಂಗಕ್ಕೆ ಎರಡನೆಯವನ ಎಳೆಯ ಪೈರು ಸಿದ್ಧವಿರುವದು. ಅಲ್ಲಿ ಹುಟ್ಟಿದ್ದಕ್ಕೆ ಮೂರನೆಯವನದು. ಹೀಗೆ ನಾವೇ ಹಗೆಗೆ ಊಟದ ಮೇಲೆ ಊಟವನ್ನು ಬಡಿಸುತ್ತೇವೆ. ಎಣ್ಣೆ ಹೊಡೆಯುವದಾದರೂ ಹಾಗೆಯೇ. ಈ ಹೊಲದಲ್ಲಿ ಸೋಮವಾರ, ಆ ಹೊಲದಲ್ಲಿ ಮುಂದಿನ ಶನಿವಾರ, ಮೂರನೆಯದರಲ್ಲಿ ಎಂದಿಗೂ ಇಲ್ಲ. ಹೊರಗಿನಿಂದ ಹಾರಿಬರುವ ಪತಂಗವನ್ನು ತಡೆಯುವದು ನಮ್ಮ ಕೈಯಲ್ಲಿಲ್ಲವೆಂಬದು ನಿಜ. ಆದರೆ ಎರಡನೆಯ, ಮೂರನೆಯ ಪೀಳಿಗೆಯ ಪತಂಗಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವುಗಳಲ್ಲ. ನಮ್ಮ ಊರಿನಲ್ಲಿಯೇ ಹುಟ್ಟಿ ಬೆಳೆದವು. ಅವುಗಳಿಗೆ ನಾವೇ ಜವಾಬುದಾರರು.

ನಮ್ಮ ಹಿರಿಯರು ಈ ಪಾಠವನ್ನು ಒಮ್ಮೆ ಕಲಿತಿದ್ದರು. ಬಯಲುಸೀಮೆಯ ಬಿಳಿಜೋಳಕ್ಕೆ ಒಂದು ರೆಕ್ಕೆಯಿಲ್ಲದ ಮಿಡತೆಯ ಕಾಟವಿದ್ದಿತು. ಮೈಸೂರು ಸರಕಾರದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ಅದನ್ನು ಅಭ್ಯಾಸ ಮಾಡಿ 1911ರಲ್ಲಿ ಪ್ರಕಟಪಡಿಸಿದರು. ಅವರ ಹೆಸರಿನಿಂದಲೇ ಆ ಮಿಡತೆಗೆ ಶಾಸ್ತ್ರಜ್ಞರು ‘ಕೋಲ್ಮಾನಿಯಾ’ ಎಂದು ಹೆಸರಿಟ್ಟಿದ್ದರು. ವರ್ಷಕ್ಕೆ ಒಂದೇ ಪೀಳಿಗೆ. ಮೊಟ್ಟೆಗಳು ಮಣ್ಣಿನೊಳಗೆ ಕಾದಿದ್ದು ಮುಂಗಾರಿನ ಮಳೆಗೆ ಒಡೆಯುವವು. ಹಾರಲಾರದ ಇಂತಹ ಹುಳುವನ್ನು ಅಳಿಸುವದು ಸುಲಭವಾಗಬೇಕಾಗಿದ್ದಿತು. ಆದರೆ ಆಗ ನಮ್ಮ ನಾಡಿನ ಸ್ಥಿತಿಯೇನಾಗಿದ್ದಿತು? ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದ್ರಾಸು ಇಲಾಖೆಯಲ್ಲಿ. ಪಕ್ಕದ ಜಗಳೂರು, ದಾವಣಗೆರೆಗಳು ಮೈಸೂರಿನಲ್ಲಿ. ತುಂಗಭದ್ರೆಯನ್ನು ದಾಟಿದರೆ ಮುಂಡರಗಿ ಮುಂಬಯಿ ಇಲಾಖೆಯಲ್ಲಿ, ಕೊಪ್ಪಳ ನಿಜಾಮರ ರಾಜ್ಯದಲ್ಲಿ. ಕೂಡ್ಲಿಗಿಯ ಮಗ್ಗುಲಲ್ಲಿಯೇ ಸಂಡೂರು ಬೇರೊಂದು ಸಂಸ್ಥಾನ. ಒಂದೇ ಮಾತಿನ, ಒಂದೇ ಮಣ್ಣಿನ, ಒಂದೇ ಜೋಳದ ರೊಟ್ಟಿಯ ಜನರಿಗೆ ಐದು ಸರಕಾರಗಳು! ಗಡಿಯ ಈಚೆಗೆ ಮಿಡತೆಯನ್ನು ಹಿಡಿಯುವ ಕೆಲಸ ನಡೆದು ಆಚೆಗೆ ನಿಂತಿದ್ದರೆ ಫಲವೇನು? ರೆಕ್ಕೆಯಿಲ್ಲದ ಮಿಡತೆಗೂ ಕುಪ್ಪಳಿಸಲು ಕಾಲುಂಟು. ನಾಡು ಒಂದಾಗಬೇಕೆಂದು ಹಿರಿಯರು ಹಂಬಲಿಸಿದ್ದು ಭಾಷೆಯ ಅಭಿಮಾನದಿಂದ ಮಾತ್ರವಲ್ಲ. ಹೊಲ, ಕೆರೆ, ದನಕರುಗಳ ಹಿತವೂ ಅದರಲ್ಲಿ ಅಡಗಿದ್ದಿತು. 1953ರ ಅಕ್ಟೋಬರ 1ರಂದು ನಮ್ಮ ತಾಲೂಕುಗಳು ಮೈಸೂರಿಗೆ ಸೇರಿದವು. 1956ರಲ್ಲಿ ಧಾರವಾಡ, ರಾಯಚೂರುಗಳೂ ಕೂಡಿಕೊಂಡವು. ನಾಡೇನೋ ಒಂದಾಯಿತು, ಊರು ಇನ್ನೂ ಒಂದಾಗಲಿಲ್ಲ.

ಕಾಯದೆಯ ಮಾತನ್ನೂ ಇಲ್ಲಿ ಎರಡು ನುಡಿಗಳಲ್ಲಿ ಹೇಳಬೇಕಾಗಿದೆ. ‘ನನ್ನ ಹೊಲ, ನನ್ನ ಇಷ್ಟ; ಹುಳು ಬಿದ್ದರೆ ನನಗೆ ಬಿದ್ದಿತು’ ಎನ್ನುವವರು ಬಹುಮಂದಿ. ಕಾಯದೆಯು ಈ ಮಾತನ್ನು ನೂರು ವರ್ಷಗಳ ಹಿಂದೆಯೇ ತಳ್ಳಿಹಾಕಿದೆ. ಮದ್ರಾಸು ಇಲಾಖೆಯಲ್ಲಿ 1919ರಲ್ಲಿಯೇ ಬೆಳೆಯ ಕೀಟರೋಗಗಳ ಕಾಯದೆಯಾಯಿತು. ಸರಕಾರವು ಒಂದು ಕೀಟವನ್ನೋ ರೋಗವನ್ನೋ ಕಳೆಯನ್ನೋ ಹೆಸರಿಸಿ ಹೊರಡಿಸಿದ ಮೇಲೆ ಆ ಸೀಮೆಯ ಪ್ರತಿಯೊಬ್ಬ ಸಾಗುವಳಿದಾರನೂ ಹೇಳಿದ ಉಪಾಯವನ್ನು ಹೇಳಿದ ಅವಧಿಯಲ್ಲಿ ಕೈಕೊಳ್ಳತಕ್ಕದ್ದು; ಕೈಕೊಳ್ಳದಿದ್ದರೆ ಅಧಿಕಾರಿಯು ಹೊಲದಲ್ಲಿ ಇಳಿದು ತಾನೇ ಮಾಡಿಸಿ ಖರ್ಚನ್ನು ಅವನಿಂದ ವಸೂಲು ಮಾಡಬಹುದು. ಏಕೀಕರಣವಾದ ಮೇಲೆ ಇಡೀ ನಾಡಿಗೆ ಇದೇ ತತ್ವದ ಒಂದೇ ಕಾಯದೆಯು 1968ರಲ್ಲಿ ಆಯಿತು. ಇದರ ಅಂತರಂಗವೇನು? ಒಬ್ಬನ ಅಲಕ್ಷ್ಯವು ಇನ್ನೊಬ್ಬನ ನಷ್ಟಕ್ಕೆ ಕಾರಣವಾಗುವಲ್ಲಿ ಅಲಕ್ಷ್ಯವು ಹಕ್ಕಲ್ಲ ಎಂಬದೇ. ಆದರೂ ನಾನು ಕಾಯದೆಯ ದಂಡವನ್ನು ಹಿಡಿದು ಬನ್ನಿರೆಂದು ಕೂಗುತ್ತಿಲ್ಲ. ಜಪ್ತಿಯ ಭಯದಿಂದ ಮಾಡಿದ ಕೆಲಸವು ಅಧಿಕಾರಿಯು ಬೆನ್ನು ತಿರುಗಿಸುವವರೆಗೆ ಮಾತ್ರ. ಊರು ತಾನಾಗಿ ಮಾಡಿಕೊಂಡ ಕಟ್ಟಳೆಯು ಅದಕ್ಕಿಂತ ಗಟ್ಟಿಯಾದದ್ದು.

ಊರು ಕೂಡಿ ಮಾಡಿದರೆ ಏನಾಗುವದೆಂಬದಕ್ಕೆ ಕೂಡ್ಲಿಗಿ ಸೀಮೆಯ ಕೆಂಪು ಮಸಾರಿಯ ಶೇಂಗಾ ಹೊಲಗಳೇ ಉದಾಹರಣೆ. ಶೇಂಗಾಕ್ಕೆ ಬೀಳುವ ಕೆಂಪು ಕಂಬಳಿ ಹುಳುವು ಬೇಸಗೆಯನ್ನೆಲ್ಲ ಕೋಶವಾಗಿ ಮಣ್ಣಿನಲ್ಲಿ ಕಳೆಯುವದು. ಮೊದಲಿನ ಹದಮಳೆ ಬಿದ್ದೊಡನೆ ಪತಂಗಗಳು ಒಮ್ಮೆಲೇ ಹೊರಬೀಳುವವು, ಮತ್ತು ಬೆಳಕಿಗೆ ಮುಗಿಬೀಳುವವು. ಆ ಕೆಲವೇ ರಾತ್ರಿಗಳಲ್ಲಿ ಹೊಲದ ಅಂಚಿನಲ್ಲಿ ಬೆಂಕಿ ಹಾಕಿದರೆ ಅಥವಾ ದೀಪದ ಕೆಳಗೆ ನೀರಿನ ಬೋಗುಣಿ ಇಟ್ಟರೆ ಲೆಕ್ಕವಿಲ್ಲದಷ್ಟು ಪತಂಗಗಳು ಮೊಟ್ಟೆಯಿಡುವ ಮೊದಲೇ ಸಾಯುವವು. ಆದರೆ ಒಬ್ಬನೇ ಬೆಂಕಿ ಹಾಕಿದರೆ ಸುತ್ತಲಿನ ಪತಂಗಗಳೆಲ್ಲ ಅವನ ಹೊಲಕ್ಕೇ ಬರುವವು! ಎಲ್ಲರೂ ಒಂದೇ ರಾತ್ರಿ ಹಾಕಿದರೆ ಮಾತ್ರ ಅದು ಉಪಾಯ, ಇಲ್ಲದಿದ್ದರೆ ಅದೇ ಅಪಾಯ. ಮುಂದೆ ಮರಿಗಳು ಬೆಳೆದು ಹೊಲದಿಂದ ಹೊಲಕ್ಕೆ ದಂಡು ಹೊರಟಾಗ ಅಡ್ಡಲಾಗಿ ಕಾಲುವೆ ತೋಡಿ ಅವುಗಳನ್ನು ಕೆಡವಬೇಕು. ಕಾಲುವೆಯು ಒಬ್ಬನ ಹೊಲದಂಚಿಗೆ ನಿಂತುಹೋದರೆ ಹುಳುವು ಪಕ್ಕದ ದಾರಿಯನ್ನು ಹಿಡಿಯುವದು. ಬೇಸಗೆಯ ಆಳವಾದ ಮಾಗಿ ಉಳುಮೆಯಿಂದ ಕೋಶಗಳು ಮೇಲೆ ಬಂದು ಬಿಸಿಲಿಗೂ ಬೆಳ್ಳಕ್ಕಿಗಳಿಗೂ ಈಡಾಗುವವು. ಇದಕ್ಕೂ ಅದೇ ನಿಯಮ.

ಹೀಗಿರುವಲ್ಲಿ ಮೆಕ್ಕೆಜೋಳದ ಹುಳುವಿಗೆ ಊರು ಮಾಡತಕ್ಕದ್ದೇನು? ಮೊದಲನೆಯದಾಗಿ, ಬೇಸಗೆಯಲ್ಲಿ ಎಲ್ಲರೂ ಆಳವಾಗಿ ಉಳಬೇಕು. ಎರಡನೆಯದಾಗಿ, ಹದಮಳೆಯಾದ ಮೇಲೆ ಹತ್ತು-ಹನ್ನೆರಡು ದಿನಗಳೊಳಗೆ ಊರಿನ ಬಿತ್ತನೆಯೆಲ್ಲ ಮುಗಿಯುವಂತೆ ನೋಡಿಕೊಳ್ಳಬೇಕು. ಎತ್ತು, ಕೂರಿಗೆ, ಟ್ರಾಕ್ಟರುಗಳಿಲ್ಲದವನಿಗೆ ಇದ್ದವರು ಮುಯ್ಯಿಗೆ ಕೊಡಬೇಕು. ಮುಯ್ಯಾಳಿನ ಪದ್ಧತಿಯು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮೂರನೆಯದಾಗಿ, ಮೆಕ್ಕೆಜೋಳದ ನಡುವೆ ತೊಗರಿಯ ಸಾಲುಗಳನ್ನು ಹಾಕಬೇಕು. ನಾಲ್ಕನೆಯದಾಗಿ, ಮೊಳಕೆ ಬಂದ ದಿನದಿಂದ ವಾರಕ್ಕೆ ಎರಡು ಸಲ ಹೊಲವನ್ನು ತಿರುಗಿ, ಮೊಟ್ಟೆಯ ಗುಂಪುಗಳನ್ನು ಎಲೆಯೊಡನೆ ಕಿತ್ತು ಹೊಸಕಿಹಾಕಬೇಕು. ಒಂದು ಗುಂಪನ್ನು ಹೊಸಕಿದರೆ ನೂರಾರು ಹುಳುಗಳನ್ನು ಕಾಸಿನ ಖರ್ಚಿಲ್ಲದೆ ಕೊಂದಂತಾಗುವದು. ಮೋಹಕ ಬಲೆಗಳನ್ನು ಎಕರೆಗೆ ನಾಲ್ಕೈದರಂತೆ ತೂಗಹಾಕಿದರೆ ಪತಂಗವು ಬಂದ ಸುದ್ದಿಯು ಮುಂಚಿತವಾಗಿ ತಿಳಿಯುವದು. ಹಕ್ಕಿಗಳು ಕೂಡುವದಕ್ಕೆ ಅಲ್ಲಲ್ಲಿ ಕವಲುಕೋಲುಗಳನ್ನು ನೆಡಬೇಕು.

ಇಷ್ಟಾದರೂ ಮರಿಗಳು ಕಂಡರೆ ಅವು ಚಿಕ್ಕವಿರುವಾಗಲೇ ಬೇವಿನ ಬೀಜದ ಕಷಾಯವನ್ನು ಹೊಡೆಯಬೇಕು. ಐದು ಕಿಲೋ ಬೇವಿನ ಬೀಜದ ತಿರುಳಿನ ಪುಡಿಯು ನೂರು ಲೀಟರು ನೀರಿಗೆ ಸಾಕು. ನಮ್ಮ ಬದುಗಳಲ್ಲಿ ಬೇವಿಗೆ ಬರವಿಲ್ಲ; ಆರಿಸುವ ಕೈಗಳಿಗೆ ಮಾತ್ರ ಬರ. ಹುಳುವಿಗೆ ರೋಗ ತಂದು ಕೊಲ್ಲುವ ಶಿಲೀಂಧ್ರದ ಪುಡಿಯೂ ಈಗ ದೊರೆಯುವದು. ಅದು ತಾಕಿದ ಹುಳುವು ಗಟ್ಟಿಯಾಗಿ, ಬೂಜು ಕಟ್ಟಿ, ಎಲೆಗೆ ಅಂಟಿಕೊಂಡೇ ಸಾಯುವದು. ತಂಪಿನ ವಾತಾವರಣದಲ್ಲಿ ಈ ರೋಗವು ತಾನಾಗಿಯೂ ಹಬ್ಬುವದು. ಸುಳಿಯಲ್ಲಿ ಮರಳನ್ನು ಚಿಟಿಕೆ ಚಿಟಿಕೆಯಾಗಿ ಹಾಕುವದು ಬಡವನ ಉಪಾಯ. ಇವುಗಳಿಂದ ಆಗದಿದ್ದಾಗ ಮಾತ್ರ, ರೈತ ಸಂಪರ್ಕ ಕೇಂದ್ರದವರನ್ನೋ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನೋ ಕೇಳಿ, ಅವರು ಹೇಳಿದ ಔಷಧವನ್ನು ಅವರು ಹೇಳಿದಷ್ಟೇ ಪ್ರಮಾಣದಲ್ಲಿ, ಸಂಜೆಯ ಹೊತ್ತು, ಸುಳಿಗೆ ಬೀಳುವಂತೆ, ಊರಿನವರೆಲ್ಲರೂ ಒಂದೇ ವಾರದಲ್ಲಿ ಹೊಡೆಯತಕ್ಕದ್ದು.

ಔಷಧದ ಮಾತು ಬಂದುದರಿಂದ ಮನಸ್ಸಿನಲ್ಲಿದ್ದ ಒಂದು ಸಂಕಟವನ್ನು ಹೇಳಿಬಿಡುತ್ತೇನೆ. ಸಾಲದ ದಾವೆಯಲ್ಲಿ ಸಿಲುಕಿದ ಒಬ್ಬ ರೈತನು ತನ್ನ ಚೀಟಿಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಸುರುವಿದನು. ಅವುಗಳಲ್ಲಿ ಔಷಧಿ ಅಂಗಡಿಯ ಉದ್ದರಿಯ ಚೀಟಿಗಳೇ ಹೆಚ್ಚು. ಒಂದೇ ಹಂಗಾಮಿನಲ್ಲಿ ಮೂರು ಹೆಸರಿನ ಮೂರು ಶೀಶೆಗಳನ್ನು ಅವನು ಕೊಂಡಿದ್ದನು. ತಿಳಿದವರಿಗೆ ತೋರಿಸಿದಾಗ, ಮೂರರೊಳಗಿನ ವಿಷವೂ ಒಂದೇ ಎಂದು ಗೊತ್ತಾಯಿತು. ಹೆಸರು ಬೇರೆ, ಬಣ್ಣ ಬೇರೆ, ಬೆಲೆ ಬೇರೆ, ಸರಕು ಒಂದೇ! ಒಂದೇ ವಿಷವನ್ನು ಪದೇ ಪದೇ ಹೊಡೆದರೆ ಅದಕ್ಕೆ ಮಣಿಯದ ಹುಳುಗಳು ಮಾತ್ರ ಉಳಿದು, ಅವುಗಳ ಸಂತಾನವೇ ಹೆಚ್ಚುವದು. ಜೊತೆಗೆ ಗುಲಗಂಜಿ ಹುಳು, ಜೇಡ, ಕಣಜ ಮೊದಲಾದ ನಮ್ಮ ಮಿತ್ರರು ಮೊದಲು ಸಾಯುವರು. ಹಗೆಯನ್ನು ಉಳಿಸಿ ಕಾವಲುಗಾರನನ್ನು ಕೊಲ್ಲುವ ಈ ವ್ಯವಹಾರಕ್ಕೆ ರೈತನು ಸಾಲವನ್ನೂ ಮಾಡಬೇಕೇ?

1968ರ ಕೀಟನಾಶಕಗಳ ಕಾಯದೆಯೂ ಅದರ 1971ರ ನಿಯಮಗಳೂ ಕೊಳ್ಳುವವನ ರಕ್ಷಣೆಗೆಂದೇ ಇರುವವು. ಮಾರುವವನು ರಸೀತಿ ಕೊಡತಕ್ಕದ್ದು. ಶೀಶೆಯೊಡನೆ ಬರುವ ಕಾಗದವು ಆಯಾ ಸೀಮೆಯ ದೇಶಭಾಷೆಯಲ್ಲಿಯೂ ಅಚ್ಚಾಗಿರತಕ್ಕದ್ದು. ಕನ್ನಡದಲ್ಲಿಲ್ಲದ ಕಾಗದವನ್ನು, ಅಥವಾ ಭೂತಗನ್ನಡಿಯಿಲ್ಲದೆ ಓದಲಾಗದ ಅಕ್ಷರಗಳ ಕನ್ನಡವನ್ನು ಕಂಡರೆ ಪ್ರಶ್ನಿಸುವ ಧೈರ್ಯ ನಮಗಿರಬೇಕು. ಓದಲು ಬಾರದವನಿಗೂ ಒಂದು ಗುರುತುಂಟು. ಶೀಶೆಯ ಮೇಲಿನ ತ್ರಿಕೋಣದ ಬಣ್ಣವು ಕೆಂಪಾಗಿದ್ದರೆ ಅತಿ ಘೋರ ವಿಷ, ಹಳದಿಯು ಅದಕ್ಕಿಂತ ತುಸು ಕಡಿಮೆ, ನೀಲಿಯು ಮಧ್ಯಮ, ಹಸುರು ಸೌಮ್ಯ, ಹಸುರಾದರೂ ವಿಷವೇ. ವಿಷವನ್ನು ಮನಬಂದಂತೆ ಚೆಲ್ಲಿದರೆ ಏನಾಗುವದೆಂಬದನ್ನು ಕನ್ನಡಿಗರು ಮರೆಯಬಾರದು. ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ವಿಮಾನದಿಂದ ಎಂಡೋಸಲ್ಫಾನನ್ನು ಸುರಿಸಿದರು. ತೋಟದ ಮಗ್ಗುಲ ಹಳ್ಳಿಗಳಲ್ಲಿ ಅಂಗವಿಕಲ ಮಕ್ಕಳನ್ನು ಎದೆಗವಚಿಕೊಂಡು ತಾಯಂದಿರು ಮಾಡಿದ ಮೊರೆಯು ಕೊನೆಗೆ ದಿಲ್ಲಿಯವರೆಗೂ ಮುಟ್ಟಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ತಡೆಯಿತು. ಆದರೆ ಆದ ಕೇಡನ್ನು ಯಾವ ನ್ಯಾಯಾಲಯ ತಿರುಗಿಸಬಲ್ಲದು?

ಇನ್ನು ಕಳೆಯ ವಿಷಯ. ನಮ್ಮ ಸೀಮೆಯ ಹೆಸರನ್ನೇ ಹೊತ್ತ ಒಂದು ಕಳೆಯುಂಟು, ಅದೇ ಬಳ್ಳಾರಿ ಜಾಲಿ. ಇದೂ ಅಮೇರಿಕಾ ಖಂಡದಿಂದ ಬಂದದ್ದೇ. ಕುರಿ-ಮೇಕೆಗಳು ಕಾಯಿಯನ್ನು ತಿಂದು ಹಿಕ್ಕೆಯೊಡನೆ ಬೀಜವನ್ನು ಊರೆಲ್ಲ ಬಿತ್ತುವವು. ಮೇಲೆ ಕಡಿದರೆ ಬುಡದಿಂದ ಹತ್ತು ಚಿಗುರು ಹೊರಡುವವು; ಬೇರಿನ ಮೇಲ್ಭಾಗವನ್ನು ಅಗೆದು ತೆಗೆದರೆ ಮಾತ್ರ ಅದು ಹೋಗುವದು. ಒಬ್ಬನು ತೆಗೆದು ಹತ್ತು ಮಂದಿ ಬಿಟ್ಟರೆ ಮರುವರ್ಷ ಮತ್ತೆ ಅದೇ ಕಥೆ. ಕೆರೆಯಂಗಳ, ಗೋಮಾಳಗಳಂತೂ ಎಲ್ಲರವೂ ಆಗಿದ್ದು ಯಾರವೂ ಅಲ್ಲದವು. ಕಾಂಗ್ರೆಸ್ ಕಳೆಯೂ ಹಾಗೆಯೇ. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವದು. ಅದನ್ನು ಹೂ ಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು ಕೀಳಬೇಕು. ಹಿಂದೆ ಪಾಪಾಸುಕಳ್ಳಿಯು ದಕ್ಷಿಣದ ಬಯಲುಗಳನ್ನೆಲ್ಲ ನುಂಗಿದ್ದಿತು; 1926ರಲ್ಲಿ ಸಿಂಹಳದಿಂದ ತಂದ ಒಂದು ಸಣ್ಣ ಬಿಳಿಹುಳುವು ಕೆಲವೇ ವರ್ಷಗಳಲ್ಲಿ ಅದನ್ನು ಒಣಗಿಸಿಬಿಟ್ಟಿತು. ಆ ಹುಳುವಿಗೆ ಜಯ ದೊರೆತದ್ದೇಕೆ? ಅದು ಯಾರ ಬದುವಿಗೂ ನಿಲ್ಲಲಿಲ್ಲ, ಒಂದು ಗಿಡವನ್ನೂ ಬಿಡಲಿಲ್ಲ. ಹುಳುವಿನಿಂದ ಮನುಷ್ಯನು ಕಲಿಯತಕ್ಕದ್ದು ಇಷ್ಟೇ.

‘ಇದೆಲ್ಲ ಬರೆಯುವದಕ್ಕೆ ಚೆನ್ನ, ಕಟ್ಟೆಯ ಮೇಲೆ ಕೂಡಿದರೆ ಎರಡು ಪಕ್ಷಗಳಾಗುವ ನಮ್ಮ ಊರುಗಳಲ್ಲಿ ಇದು ನಡೆಯುವದೇ?’ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಕೇಳುತ್ತೇನೆ: ಮೈಲಾರದಲ್ಲಿ ಕಾರ್ಣಿಕದ ಒಂದು ನುಡಿಯನ್ನು ಕೇಳುವದಕ್ಕೆ ಲಕ್ಷಾಂತರ ಜನರು ಉಸಿರು ಬಿಗಿಹಿಡಿದು ನಿಲ್ಲುವದಿಲ್ಲವೇ? ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರಿನ ಮಿಣಿಗೆ ಕೈ ಹಾಕುವಾಗ ಪಕ್ಷ ಯಾವದು, ಜಾತಿ ಯಾವದೆಂದು ಯಾರಾದರೂ ಕೇಳುವರೇ? ಒಂದು ದಿನದ ಮಟ್ಟಿಗೆ ಬರುವ ಆ ಒಕ್ಕಟ್ಟನ್ನು ಹದಮಳೆಯ ಹತ್ತು ದಿನಗಳಿಗೆ ಬೆಳೆಸಿರೆಂದೇ ನನ್ನ ಪ್ರಾರ್ಥನೆ. ಬೇಸಾಯದ ಖರ್ಚು ಏರುತ್ತಿರುವ ಈ ದಿನಗಳಲ್ಲಿ, ಮಳೆಯನ್ನೇ ನಂಬಿದ ನಮ್ಮ ಐದು ತಾಲೂಕುಗಳ ಸಣ್ಣ ರೈತನಿಗೆ ಒಂದು ಬೆಳೆ ಹೋದರೆ ಮಗಳ ಮದುವೆ, ಮಗನ ವಿದ್ಯೆ, ಎತ್ತಿನ ಜೋಡಿ ಎಲ್ಲವೂ ಅದರೊಡನೆ ಹೋಗುವವು. ಅದರ ಮುಂದೆ ಊರಿನ ಪಕ್ಷಪಂಗಡಗಳು ಎಷ್ಟರವು?

ಪಟ್ಟಣದ ವಾಚಕರೂ ಶಾಲೆಯ ಉಪಾಧ್ಯಾಯರೂ ‘ಇದು ಒಕ್ಕಲಿಗರ ಕೆಲಸ, ನಮಗೇನು?’ ಎನ್ನಬಾರದು. ಅಕ್ಷರ ಬಲ್ಲವರ ಋಣವು ಅಕ್ಷರವರಿಯದವರ ಮೇಲಿಲ್ಲ; ಅನ್ನ ಬೆಳೆದವರ ಋಣವು ಮಾತ್ರ ನಮ್ಮ ಮೇಲುಂಟು. ಉಪಾಧ್ಯಾಯರು ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಮಕ್ಕಳನ್ನು ಒಂದು ಸಂಜೆ ಹೊಲಕ್ಕೆ ಕರೆದೊಯ್ದು ಮೊಟ್ಟೆಯ ಗುಂಪನ್ನೂ ಕಿಟಕಿಯಂತಹ ಕಲೆಯನ್ನೂ ತೋರಿಸಲಿ. ಹತ್ತು ವರ್ಷದ ಹುಡುಗಿಯ ಕಣ್ಣು ಮುಪ್ಪಿನ ಅಜ್ಜನ ಕಣ್ಣಿಗಿಂತ ಚುರುಕಾದದ್ದು. ಪಟ್ಟಣಿಗರು ತಮ್ಮ ಹುಟ್ಟೂರಿಗೆ ಹೋದಾಗ ಔಷಧದ ಕಾಗದವನ್ನು ಓದಿ ಹೇಳಲಿ. ಗ್ರಾಮಸಭೆಯಲ್ಲಿ ಬಿತ್ತನೆಯ ಅವಧಿಯನ್ನು ಗೊತ್ತುಮಾಡುವ ಒಂದು ಠರಾವನ್ನು ತರಿಸಲಿ. ವಕೀಲರಾದ ನಾವು ಬದುವಿನ ಒಂದು ವ್ಯಾಜ್ಯವನ್ನಾದರೂ ರಾಜಿಯಲ್ಲಿ ಮುಗಿಸಿ, ಬದುವಿನ ಎರಡು ಕಡೆಯವರನ್ನೂ ಒಂದೇ ಸಂಜೆ ಹೊಲಕ್ಕಿಳಿಸೋಣ.

ನಾನು ಮೊದಲಿಗೆ ಹೇಳಿದ ಆ ವ್ಯಾಜ್ಯವು ಇನ್ನೂ ಮುಗಿದಿಲ್ಲ. ಆದರೆ ಕಳೆದ ಮುಂಗಾರಿನಲ್ಲಿ ಆ ದಾಯಾದಿಗಳಿಬ್ಬರೂ ಒಂದೇ ವಾರದಲ್ಲಿ ಬಿತ್ತಿ, ಇಬ್ಬರ ಮನೆಯ ಮಕ್ಕಳೂ ಕೂಡಿ ಮೊಟ್ಟೆ ಆರಿಸಿದರೆಂದು ನನ್ನ ಕಕ್ಷಿಗಾರನು ತುಸು ನಾಚಿಕೆಯಿಂದಲೇ ಹೇಳಿದನು. ಬದುವಿನ ಕಲ್ಲು ಎಲ್ಲಿರಬೇಕೆಂಬದನ್ನು ನ್ಯಾಯಾಲಯವು ತೀರ್ಮಾನಿಸಲಿ. ಹುಳುವು ಮಾತ್ರ ತೀರ್ಪಿಗಾಗಿ ಕಾಯುವದಿಲ್ಲ, ನಾವೂ ಕಾಯಬಾರದು.